ಎಡ್ಗರ್ ಥರ್ಸ್ಟನ್

ಎಡ್ಗರ್ ಥರ್ಸ್ಟನ್ (1855–1935) ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಅಧೀಕ್ಷಕರಾಗಿದ್ದ ಬ್ರಿಟಿಷ್ ವಿದ್ವಾಂಸರು. ದಕ್ಷಿಣ ಭಾರತದ ಜಾತಿ ಹಾಗೂ ಬುಡಕಟ್ಟುಗಳನ್ನು ಕುರಿತು 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟವಾದ ಗ್ರಂಥದಿಂದ ಪ್ರಸಿದ್ಧರಾದರು. ಕೊರವ ಸಮುದಾಯದ ಹೆಂಗಸರು ಹಚ್ಚೆ ಹುಯ್ಯುತ್ತಿದ್ದ ಕ್ರಮವನ್ನು ಮಸಿಯ ತಯಾರಿಕೆಯಿಂದ ಮೊದಲ್ಗೊಂಡು ದಾಖಲಿಸಿದವರಲ್ಲಿ ಇವರು ಮುಖ್ಯರು.

ಜೀವನ

ಥರ್ಸ್ಟನ್ ಈಟನ್ ಶಾಲೆಯಲ್ಲಿಯೂ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿಯೂ ಓದಿ ವೈದ್ಯರಾದರು. 1885ರಲ್ಲಿ ಮದರಾಸಿಗೆ ಬಂದು ವಸ್ತುಸಂಗ್ರಹಾಲಯದ ಹೊಣೆ ವಹಿಸಿಕೊಂಡರು. ಆರಂಭದ ವರ್ಷಗಳಲ್ಲಿ ಅವರ ಆಸಕ್ತಿ ನಾಣ್ಯಗಳಲ್ಲಿ ಹಾಗೂ ಮನ್ನಾರ್ ಕೊಲ್ಲಿಯ ಜಲಚರಗಳಲ್ಲಿತ್ತು. ಮನುಷ್ಯರ ಅಧ್ಯಯನದತ್ತ ಹೊರಳಿದ್ದು ಅನಂತರ. 1901ರಲ್ಲಿ ಭಾರತದ ಜನಾಂಗ ಸಮೀಕ್ಷೆ ಆರಂಭವಾದಾಗ ಮದರಾಸು ಪ್ರಾಂತ್ಯದ ಕೆಲಸ ಇವರ ಪಾಲಿಗೆ ಬಂತು. ಆಗ ಆ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಮತ್ತು ಕಾಸರಗೋಡನ್ನೊಳಗೊಂಡ ದಕ್ಷಿಣ ಕನ್ನಡ ಜಿಲ್ಲೆಗಳು ಹೀಗೆ ಅವರ ಕ್ಷೇತ್ರವಾದವು. ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರು ಮೊದಲಾದ ಮಲೆನಾಡಿನ ಊರುಗಳು ಮೈಸೂರು ಸಂಸ್ಥಾನದಲ್ಲಿದ್ದುದರಿಂದ ಅಲ್ಲಿನ ಸಮೀಕ್ಷೆಯನ್ನು ಎಚ್. ವಿ. ನಂಜುಂಡಯ್ಯನವರು ನಡೆಸಿದರು.

ಹಚ್ಚೆಯ ದಾಖಲೆ

ಹಚ್ಚೆಯ ಮಸಿಯನ್ನು ಸಿದ್ಧಪಡಿಸುವ ಬಗೆಯನ್ನು ಥರ್ಸ್ಟನ್ ಹೀಗೆ ವಿವರಿಸಿದ್ದಾರೆ. ಅರಿಸಿನದ ಪುಡಿಯನ್ನೂ ಅಗಸೆ ಮರದ ಸೊಪ್ಪನ್ನೂ ಒಟ್ಟಿಗೆ ಅರೆದು, ಶುಭ್ರವಾದ ಬಟ್ಟೆಗೆ ಸವರಿ, ಅದನ್ನು ಬತ್ತಿಯಾಗಿ ಹೊಸೆದು ಹರಳೆಣ್ಣೆಯ ಹಣತೆಯಲ್ಲಿ ಉರಿಸುತ್ತಾರೆ. ಉರಿಯ ಮೇಲೆ ಹೊಸ ಮಣ್ಣಿನ ಗಡಿಗೆಯನ್ನು ಕವಿಚಿಟ್ಟರೆ ಅದರ ಒಳಮೈಗೆ ಕಾಡಿಗೆ ಹಿಡಿಯುತ್ತದೆ. ಅದನ್ನು ಕೆರೆದು ತೆಗೆದು ಎದೆಹಾಲಿನಲ್ಲಿಯೋ ನೀರಿನಲ್ಲಿಯೋ ಕಲಸುತ್ತಾರೆ. ಮೊಂಡು ಕಡ್ಡಿಯನ್ನು ಈ ಮಸಿಯಲ್ಲಿ ಅದ್ದಿ ಮೊದಲು ಚಿತ್ರ ಬರೆದುಕೊಂಡು, ಮೂರು ನಾಲ್ಕು ಹೊಲಿಗೆ ಸೂಜಿಗಳನ್ನು ಒಟ್ಟಿಗೆ ಕಟ್ಟಿ ಗೆರೆಯುದ್ದಕ್ಕೂ ಚುಚ್ಚುತ್ತಾರೆ. ತಣ್ಣೀರಿನಿಂದ ತೊಳೆದು ಮತ್ತೆ ಮಸಿಯನ್ನು ತಿಕ್ಕುತ್ತಾರೆ. ಕಡೆಗೆ ನೋವು ಶಮನಕ್ಕೆ ಎಣ್ಣೆ, ಬಾವು ಬಾರದಂತೆ ಅರಿಸಿನ.

ಈ ಹಚ್ಚೆ ಮುಪ್ಪಿನವರೆಗೂ ಉಳಿಯುತ್ತಿದ್ದುದೇಕೆ ಎಂಬುದು ಇಂದಿನ ಚರ್ಮವಿಜ್ಞಾನದ ಬೆಳಕಿನಲ್ಲಿ ಸ್ಪಷ್ಟವಾಗುತ್ತದೆ. ಚರ್ಮದ ಮೇಲ್ಪದರ ಕೆಲವು ವಾರಗಳಿಗೊಮ್ಮೆ ಹೊಸದಾಗುತ್ತದೆ. ಬಣ್ಣ ಅಲ್ಲಿಯೇ ನಿಂತರೆ ಪೊರೆಯೊಡನೆ ಉದುರಿಹೋಗುತ್ತದೆ. ಸೂಜಿ ಅದನ್ನು ದಾಟಿ ಒಳಪದರವನ್ನು ಮುಟ್ಟಿದಾಗ ಅಲ್ಲಿನ ಭಕ್ಷಕ ಕೋಶಗಳು ಮಸಿಯ ಕಣಗಳನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಒಂದು ಕೋಶ ಸತ್ತರೆ ಅದು ಬಿಟ್ಟ ಕಣವನ್ನು ಇನ್ನೊಂದು ಎತ್ತಿಕೊಳ್ಳುತ್ತದೆ. ಆದರೆ ಸೂಜಿ ಮಿತಿಮೀರಿ ಆಳಕ್ಕಿಳಿದರೆ ಮಸಿ ಹರಡಿ ಗೆರೆ ಮಸುಕಾಗುತ್ತದೆ. ಎಷ್ಟು ಚುಚ್ಚಬೇಕೆಂಬ ಆ ಅಂದಾಜು ಹಚ್ಚೆಯವಳ ಕೈಬೆರಳಿನಲ್ಲಿತ್ತು. ಪುಸ್ತಕಕ್ಕೆ ಇಳಿಯದೆ ಉಳಿದದ್ದೂ ಅದೊಂದೇ. ಇನ್ನು ಕಾಡಿಗೆಯಾದರೋ ಇಂಗಾಲ. ಸಸ್ಯದ ಬಣ್ಣಗಳಂತೆ ಅದು ಬಿಸಿಲಿಗೆ ಬೇಗನೆ ಮಾಸುವಂಥದಲ್ಲ. ಕಪ್ಪು ಮಸಿ ಹೊರಗೆ ಹಸಿರು-ನೀಲಿಯಾಗಿ ತೋರುವುದು ಚರ್ಮದ ಮೂಲಕ ಬೆಳಕು ಚದುರುವುದರಿಂದ. ಮಸಿಗೆ ಸೊಪ್ಪು ಸೇರಿಸಿದ್ದರಿಂದ ಹಸಿರಾಯಿತೆಂಬ ತಿಳಿವಳಿಕೆ ಸರಿಯಲ್ಲ. ಸೊಪ್ಪು ಬತ್ತಿಯಲ್ಲಿಯೇ ಸುಟ್ಟುಹೋಗಿರುತ್ತದೆ.

ಚುಕ್ಕೆ, ಗೆರೆಗಳಲ್ಲದೆ ಚೇಳು, ಹಕ್ಕಿ, ಮೀನು, ಹೂವುಗಳ ಚಿತ್ರಗಳನ್ನೂ ಥರ್ಸ್ಟನ್ ಗುರುತಿಸಿದ್ದಾರೆ. ಕೂಲಿ ಚುಕ್ಕೆಯೊಂದಕ್ಕೆ ಕಾಲಾಣೆಯಿಂದ ತೊಡಗಿ ಚಿತ್ರದ ಜಟಿಲತೆಗೆ ತಕ್ಕಂತೆ ಏರುತ್ತಿತ್ತು.

ವಿಮರ್ಶೆ

ಥರ್ಸ್ಟನ್ನರ ಕೆಲಸದ ಇನ್ನೊಂದು ಮುಖ ಇಷ್ಟು ಹಿತಕರವಾದುದಲ್ಲ. ಮೂಗು, ತಲೆಬುರುಡೆಗಳ ಅಳತೆಯಿಂದ ಜನರ ಮೂಲವನ್ನು ನಿರ್ಧರಿಸಬಹುದೆಂದು ಅವರು ನಂಬಿದ್ದರು. ಈ ನಂಬಿಕೆಯನ್ನು ವಿಜ್ಞಾನ ಇಂದು ಒಪ್ಪುವುದಿಲ್ಲ. ಅಳತೆಯ ಸಲಕರಣೆಗಳೊಡನೆ ಅವರು ಬರುವುದನ್ನು ಕಂಡು ವೈನಾಡಿನ ಪಣಿಯ ಹೆಂಗಸರು, ತಮ್ಮನ್ನು ಕೊಂದು ಒಳಗೆ ಹುಲ್ಲು ತುಂಬಿ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸುವರೆಂದು ಹೆದರಿ ಓಡಿದ ಪ್ರಸಂಗವನ್ನು ಅವರೇ ವಿನೋದವಾಗಿ ಬರೆದಿದ್ದಾರೆ. ಓಡಿದವರಿಗೆ ಅದು ವಿನೋದವಾಗಿರಲಿಲ್ಲ.

ಮದರಾಸಿನ ಪೊಲೀಸರಿಗೂ ಅವರು ದೇಹಮಾಪನದ ಪಾಠ ಹೇಳಿದ್ದರು. ಕೊರವರನ್ನು ಕುರಿತ ಅಧ್ಯಾಯದಲ್ಲಿ ಪೊಲೀಸ್ ಅಧಿಕಾರಿಗಳ ಬರಹಗಳನ್ನು ಧಾರಾಳವಾಗಿ ಬಳಸಿಕೊಂಡಿದ್ದು, ಹಚ್ಚೆಯ ವಿವರಕ್ಕಿಂತ ಕಳ್ಳತನದ ವಿವರವೇ ಅಲ್ಲಿ ಹೆಚ್ಚು ಜಾಗವನ್ನು ಆಕ್ರಮಿಸಿದೆ. ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಮದರಾಸಿಗೂ ವಿಸ್ತರಿಸಿದಾಗ ಕೊರವರೂ ಅದರ ಹಿಡಿತಕ್ಕೆ ಸಿಕ್ಕಿದರು. ಊರಿಂದೂರಿಗೆ ಹೋಗುವುದಕ್ಕೆ ಪೊಲೀಸರ ಅಪ್ಪಣೆ ಬೇಕಾದ ಮೇಲೆ, ಮನೆಮನೆಗೆ ತಿರುಗಿ ಹಚ್ಚೆ ಹುಯ್ದು ಕಾಳು-ಕಡ್ಡಿ ಪಡೆಯುವ ಕಸುಬು ಸುಗಮವಾಗಿ ನಡೆಯುವಂತಿರಲಿಲ್ಲ. ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯದ ಅನಂತರ. ಹಚ್ಚೆ ಹುಯ್ದ ಯಾವ ಹೆಂಗಸಿನ ಹೆಸರನ್ನೂ ಥರ್ಸ್ಟನ್ ಆ ವಿವರಣೆಯಲ್ಲಿ ಕೊಟ್ಟಿಲ್ಲ.

ನಿವೃತ್ತಿ

ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ ಥರ್ಸ್ಟನ್, ದಕ್ಷಿಣ ಭಾರತದ ಶಕುನ ಮತ್ತು ಮೂಢನಂಬಿಕೆಗಳ ಕುರಿತ ಗ್ರಂಥವನ್ನು 1912ರಲ್ಲಿ ಪ್ರಕಟಿಸಿದರು. ಉಳಿದ ದಿನಗಳನ್ನು ಕಾರ್ನ್‌ವಾಲ್ ಪ್ರದೇಶದ ಗಿಡಮರಗಳ ಅಧ್ಯಯನದಲ್ಲಿ ಕಳೆದು, 1935ರ ಅಕ್ಟೋಬರ್‌ನಲ್ಲಿ ಪೆನ್ಜಾನ್ಸ್ ಪಟ್ಟಣದಲ್ಲಿ ನಿಧನರಾದರು.