ಮರುಭೂಮಿಗೆ ನದಿ ತಂದ ಮಹಾರಾಜ

ಗುರುಗ್ರಾಮದ ನಮ್ಮ ಅಪಾರ್ಟ್‌ಮೆಂಟಿಗೆ ಮೇ ತಿಂಗಳು ಬಂತೆಂದರೆ ಟ್ಯಾಂಕರ್ ನೀರೇ ಗತಿ. ಕಳೆದ ಬೇಸಿಗೆಯಲ್ಲಿ ಎರಡು ದಿನ ಅದೂ ಬರಲಿಲ್ಲ. ಆ ಭಾನುವಾರ ಮನೆಯಲ್ಲಿ ಕೂರಲಾಗದೆ ಮೆಟ್ರೋ ಹತ್ತಿ ದೆಹಲಿಯ ಇಂಡಿಯಾ ಗೇಟ್ ಕಡೆ ಹೋದೆ. ಅಲ್ಲೇ ಹತ್ತಿರ ಬೀಕಾನೇರ್ ಹೌಸ್ ಇದೆ. ಎಂ.ಟೆಕ್ ಮುಗಿಸಿ ಕೆಲಸಕ್ಕೆಂದು ಇಲ್ಲಿಗೆ ಬಂದ ಹೊಸತರಲ್ಲಿ ಜೈಪುರದ ಬಸ್ಸು ಹತ್ತಲು ಅಲ್ಲಿಗೆ ಹೋಗುತ್ತಿದ್ದೆ. ಈಗ ಅದು ಚಿತ್ರಕಲಾ ಪ್ರದರ್ಶನಗಳ ತಾಣ. ಆ ಕಟ್ಟಡ ಯಾರದೆಂದು ಇಷ್ಟು ವರ್ಷ ಯೋಚಿಸಿರಲೇ ಇಲ್ಲ. ಅದು ಬೀಕಾನೇರಿನ ಮಹಾರಾಜ ಗಂಗಾ ಸಿಂಗ್ ಅವರದು. ಅವರ ಬಗ್ಗೆ ಓದುತ್ತಾ ಹೋದಂತೆ ನನಗೆ ನೆನಪಾದದ್ದು ನಮ್ಮ ಚಳ್ಳಕೆರೆ.

ಥಾರ್ ಮರುಭೂಮಿಯಲ್ಲಿ ಬೀಕಾನೇರ್ ನಗರಕ್ಕೆ 1488ರಲ್ಲಿ ಅಡಿಪಾಯ ಹಾಕಿದವನು ಜೋಧಪುರದ ರಾವ್ ಜೋಧಾನ ಮಗ ರಾವ್ ಬೀಕಾ. ಒಂಟೆ ಸಾಲುಗಳ ವ್ಯಾಪಾರದಿಂದ ಊರು ಬೆಳೆಯಿತು. 1594ರ ಹೊತ್ತಿಗೆ ಜೂನಾಗಢ ಕೋಟೆಯೂ ಎದ್ದಿತು. ಆದರೆ ನದಿ ಇರಲಿಲ್ಲ. ಬಿದ್ದ ನಾಲ್ಕು ಹನಿ ಮಳೆಯನ್ನು ನೆಲದಡಿಯ ತೊಟ್ಟಿಗಳಲ್ಲಿ ಕಾಪಿಟ್ಟುಕೊಂಡು ನಾಲ್ಕು ಶತಮಾನ ಬದುಕಿದ ಊರದು.

ಗಂಗಾ ಸಿಂಗ್ ಹುಟ್ಟಿದ್ದು 1880ರಲ್ಲಿ. ಅಣ್ಣ ಡೂಂಗರ್ ಸಿಂಗ್ ತೀರಿಕೊಂಡಾಗ, ಏಳು ವರ್ಷ ತುಂಬುವ ಮೊದಲೇ ಪಟ್ಟ ಬಂತು. ಅಜ್ಮೀರಿನ ಮೇಯೊ ಕಾಲೇಜಿನಲ್ಲಿ ಓದಿ, 1898ರಲ್ಲಿ ಪೂರ್ಣ ಅಧಿಕಾರ ವಹಿಸಿಕೊಂಡರು. ಮರುವರ್ಷವೇ ಮಳೆ ಕೈಕೊಟ್ಟಿತು. ವಿಕ್ರಮ ಸಂವತ್ 1956ರ ಆ ಬರವನ್ನು ರಾಜಸ್ಥಾನದವರು ಇಂದಿಗೂ ಛಪ್ಪನಿಯಾ ಎಂದೇ ಕರೆಯುತ್ತಾರೆ. ಛಪ್ಪನ್ ಎಂದರೆ ಐವತ್ತಾರು. ಮೇವಿಲ್ಲದೆ ದನಗಳು ಸತ್ತವು, ಜನ ಊರು ಬಿಟ್ಟರು, ಉಳಿದವರಲ್ಲಿ ಬಹಳಷ್ಟು ಜನ ಹಸಿವಿನಿಂದಲೂ ಕಾಯಿಲೆಯಿಂದಲೂ ಸತ್ತರು. ಹತ್ತೊಂಬತ್ತರ ಅರಸ ಪರಿಹಾರ ಕಾಮಗಾರಿಗಳನ್ನು ತಾವೇ ಮುಂದೆ ನಿಂತು ನಡೆಸಿದರು. ಆದರೆ ಕಾಮಗಾರಿಯಿಂದ ಒಂದು ವರ್ಷದ ಬರ ದಾಟಬಹುದು, ಮುಂದಿನ ಬರ ತಪ್ಪುವುದಿಲ್ಲ. ಬೇರೆಯವರ ನದಿಯಿಂದಲಾದರೂ ನೀರು ತರಬೇಕಿತ್ತು.

ಆ ನದಿ ಪಂಜಾಬಿನ ಸತಲಜ್. ಕೆಳಹರಿವಿನ ಬಹಾವಲ್‌ಪುರ ಸಂಸ್ಥಾನ ವಿರೋಧಿಸಿತು. ವರ್ಷಗಟ್ಟಲೆ ಕಡತ ಓಡಾಡಿ, ಪಂಜಾಬ್, ಬಹಾವಲ್‌ಪುರ, ಬೀಕಾನೇರ್ ಮೂವರ ಒಪ್ಪಂದವಾದದ್ದು 1920ರಲ್ಲಿ. ಅಷ್ಟರೊಳಗೆ ಅವರ ಒಂಟೆ ಪಡೆ ಚೀನಾ, ಸೊಮಾಲಿಲ್ಯಾಂಡ್, ಈಜಿಪ್ಟ್ ಸುತ್ತಿ ಬಂದಿತ್ತು. 1919ರಲ್ಲಿ ವರ್ಸೇಲ್ಸ್ ಒಪ್ಪಂದಕ್ಕೆ ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಮಹಾಯುದ್ಧ ಮುಗಿಸುವ ಕಾಗದ ಮೊದಲು ಆಯಿತು, ಕಾಲುವೆಯ ಕಾಗದ ಆಮೇಲೆ!

1925ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆ. ಮಾಮೂಲಿ ಕಾಲುವೆಯಾದರೆ ನೀರನ್ನೆಲ್ಲ ಮರಳೇ ಕುಡಿದುಬಿಡುತ್ತದೆ. ಅದಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಕಾಂಕ್ರೀಟ್ ಹೊದಿಕೆ ಹಾಕಿದರು. 1927ರ ಅಕ್ಟೋಬರ್ 26ರಂದು ವೈಸ್‌ರಾಯ್ ಇರ್ವಿನ್ ಕೈಯಿಂದ ಗಂಗ ಕಾಲುವೆ ಉದ್ಘಾಟನೆಯಾಯಿತು. ಬರ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ನೀರು ಹರಿದದ್ದು ಬೀಕಾನೇರ್ ನಗರಕ್ಕಲ್ಲ, ಸಂಸ್ಥಾನದ ಉತ್ತರ ಭಾಗಕ್ಕೆ. ಇಂದು ಅದು ಗೋಧಿ, ಹತ್ತಿ ಬೆಳೆಯುವ ಶ್ರೀಗಂಗಾನಗರ.

ಹಾಗೆಂದು ಅವರನ್ನು ದೇವರಾಗಿಸಬೇಕಿಲ್ಲ. 1913ರಲ್ಲಿ ಪ್ರಜಾಪ್ರತಿನಿಧಿ ಸಭೆ ತಂದವರೇ, ಪ್ರಜೆಗಳು ನಿಜವಾಗಿ ಬಾಯಿ ತೆರೆದಾಗ ಸಹಿಸಲಿಲ್ಲ. 1932ರ ಬೀಕಾನೇರ್ ಪಿತೂರಿ ಮೊಕದ್ದಮೆಯಲ್ಲಿ ಸ್ವಾಮಿ ಗೋಪಾಲದಾಸ್, ಸತ್ಯನಾರಾಯಣ ಸರಾಫ್ ಮುಂತಾದವರನ್ನು ಜೈಲಿಗೆ ಹಾಕಿಸಿದರು. ನೀರು ಕೊಟ್ಟ ಕೈ ಮಾತು ಕೊಡಲಿಲ್ಲ.

ನಮಗೂ ಅವರಿಗೂ ಒಂದು ಕೊಂಡಿಯಿದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರ್. ಮುಂದೆ ಅದೇ ಸ್ಥಾನದಲ್ಲಿ ಗಂಗಾ ಸಿಂಗ್ ಕುಳಿತರು. ಇವರು ಛಪ್ಪನಿಯಾ ಬರ ಎದುರಿಸುತ್ತಿದ್ದ ದಿನಗಳಲ್ಲೇ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಮಾರಿಕಣಿವೆ ಅಣೆಕಟ್ಟು ಏಳುತ್ತಿತ್ತು.

ಗಂಗಾ ಸಿಂಗ್ 1943ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ತೀರಿಕೊಂಡರು. ಐದು ವರ್ಷದ ನಂತರ, ಬೀಕಾನೇರಿನ ಮುಖ್ಯ ಎಂಜಿನಿಯರ್ ಆಗಿದ್ದ ಕನ್ವರ್ ಸೇನ್ ಇನ್ನೂ ದೊಡ್ಡ ಕಾಲುವೆಯ ಯೋಜನೆ ಮುಂದಿಟ್ಟರು. ಅದೇ ಇಂದಿನ ಇಂದಿರಾ ಗಾಂಧಿ ಕಾಲುವೆ.

ಚಳ್ಳಕೆರೆಯ ನಮ್ಮ ನಾಲ್ಕೆಕರೆಯಲ್ಲಿ ಕೊರೆಸಿದ ಮೂರು ಬೋರ್‌ವೆಲ್ ಬತ್ತಿವೆ. ಕಾಲುವೆ ಬಂದೇ ಬರುತ್ತದೆಂದು ಅಪ್ಪ ಕಾಯುತ್ತಿದ್ದಾರೆ. ಹೊಲ ಮಾರಿ ಇಲ್ಲಿಗೆ ಬಂದುಬಿಡಿ ಎಂದು ಪ್ರತಿ ಭಾನುವಾರ ಫೋನಿನಲ್ಲಿ ಪೀಡಿಸುತ್ತಿದ್ದವನು ನಾನು. ಇಲ್ಲಿ ಟ್ಯಾಂಕರಿಗೆ ಕಾಯುತ್ತಾ ಕೂತವನು ಅವರಿಗೆ ಯಾವ ಬಾಯಲ್ಲಿ ಬುದ್ಧಿ ಹೇಳಲಿ? ಆ ಸಂಜೆ ಫೋನ್ ಮಾಡಿದಾಗ ಕಾಲುವೆ ಕೆಲಸ ಎಲ್ಲಿಗೆ ಬಂತೆಂದು ಮಾತ್ರ ಕೇಳಿದೆ. ಅಪ್ಪ ಅರ್ಧ ಗಂಟೆ ಖುಷಿಯಿಂದ ಮಾತಾಡಿದರು.