ಬೇಕಲೈಟ್ ಜನಕ ಲಿಯೋ ಬೇಕ್‌ಲ್ಯಾಂಡ್

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದ್ಯುತ್ ಉದ್ಯಮವು ಒಂದು ಪುಟ್ಟ ಕೀಟವನ್ನು ನೆಚ್ಚಿಕೊಂಡಿತ್ತು. ತಂತಿಸುರುಳಿಗಳಿಗೆ ನಿರೋಧಕ ಲೇಪನವಾಗಿ ಬಳಸುತ್ತಿದ್ದ ಅರಗು ಬಹುಪಾಲು ಭಾರತದಿಂದಲೇ ರಫ್ತಾಗುತ್ತಿತ್ತು. ಬೇಡಿಕೆಯೊಂದಿಗೆ ಬೆಲೆಯೂ ಏರಿತು. ಮೇಲಾಗಿ ಅರಗು ಬಿಸಿಗೆ ಕರಗುವ, ಬೆಂಕಿಗೆ ಉರಿಯುವ ವಸ್ತು. ಪಾಂಡವರ ಅರಗಿನ ಮನೆಯ ಕಥೆ ಬಲ್ಲವರಿಗೆ ಇದು ಹೊಸತಲ್ಲ. ಇದಕ್ಕೆ ಪರ್ಯಾಯವನ್ನು ಒದಗಿಸಿದವರು ರಸಾಯನ ವಿಜ್ಞಾನಿ ಲಿಯೋ ಬೇಕ್‌ಲ್ಯಾಂಡ್.

ಅವರು ಬೆಲ್ಜಿಯಂನ ಘೆಂಟ್ ನಗರದಲ್ಲಿ 1863ರ ನವೆಂಬರ್ 14ರಂದು ಜನಿಸಿದರು. ತಂದೆ ಪಾದರಕ್ಷೆ ದುರಸ್ತಿ ಮಾಡುತ್ತಿದ್ದರು, ತಾಯಿ ಮನೆಗೆಲಸ ಮಾಡುತ್ತಿದ್ದರು. ಬಡತನದ ನಡುವೆಯೂ 21ನೆಯ ವಯಸ್ಸಿಗೆ ಡಾಕ್ಟರೇಟ್ ಪಡೆದ ಅವರು 1889ರಲ್ಲಿ ಅಮೆರಿಕಕ್ಕೆ ತೆರಳಿದರು. ಅಲ್ಲಿ ರೂಪಿಸಿದ ವೆಲಾಕ್ಸ್ ಛಾಯಾಚಿತ್ರ ಕಾಗದದ ಉದ್ಯಮವನ್ನು 1899ರಲ್ಲಿ ಜಾರ್ಜ್ ಈಸ್ಟ್‌ಮನ್ ಅವರಿಗೆ ಮಾರಿದರು. ಆ ಹಣವು ಅವರಿಗೆ ಯಾಂಕರ್ಸ್‌ನ ತಮ್ಮ ಮನೆಯಲ್ಲೇ ಪ್ರಯೋಗ ನಡೆಸುವ ಸ್ವಾತಂತ್ರ್ಯವನ್ನು ತಂದಿತು.

ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿದರೆ ರಾಳವಾಗುವುದನ್ನು ಅಡಾಲ್ಫ್ ಫಾನ್ ಬೇಯರ್ 1872ರಲ್ಲೇ ಗಮನಿಸಿದ್ದರು. ಆದರೆ ಆ ಕ್ರಿಯೆಯನ್ನು ಹತೋಟಿಯಲ್ಲಿಡುವುದೇ ಕಠಿಣವಾಗಿತ್ತು. ಶಾಖ ಮತ್ತು ಒತ್ತಡಗಳ ಹದವನ್ನು 1907ರಲ್ಲಿ ಕಂಡುಕೊಂಡ ಬೇಕ್‌ಲ್ಯಾಂಡ್ 1909ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅಣುಗಳು ಎಲ್ಲ ದಿಕ್ಕುಗಳಲ್ಲೂ ಬಲೆಯಂತೆ ಹೆಣೆದುಕೊಂಡ ಈ ವಸ್ತು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು.

ಆದರೆ ಶುದ್ಧ ರಾಳವು ಪೆಡಸು, ಪೆಟ್ಟಿಗೆ ಒಡೆಯುತ್ತದೆ. ಆದ್ದರಿಂದ ಅದಕ್ಕೆ ಇತರ ಪುಡಿಗಳನ್ನು ಬೆರೆಸಲಾಯಿತು. ಮರದ ಹಿಟ್ಟು ಗಟ್ಟಿತನವನ್ನೂ, ಮುಂದೆ ಶ್ವಾಸಕೋಶಕ್ಕೆ ಮಾರಕವೆಂದು ಸಾಬೀತಾದ ಕಲ್ನಾರು ಶಾಖ ತಾಳುವ ಗುಣವನ್ನೂ, ಅಭ್ರಕವು ಉತ್ತಮ ವಿದ್ಯುತ್ ನಿರೋಧವನ್ನೂ ನೀಡಿದವು. ಪುಡಿಯ ಕಣಕ್ಕೂ ರಾಳಕ್ಕೂ ನಡುವೆ ಬಿರುಕು ಉಳಿದರೆ ತೇವ ನುಸುಳಿ ವಿದ್ಯುತ್ ಸೋರುತ್ತದೆ. ಹೀಗಾಗಿ ಮಿಶ್ರಣದ ಗುಣವನ್ನು ಅದರ ಒಳರಚನೆಯೇ ನಿರ್ಧರಿಸುತ್ತದೆ.

ಇಂದಿನ ಸೆರಾಮಿಕ್ ಮಿಶ್ರಿತ ಪಾಲಿಮರ್‌ಗಳಿಗೂ ಇದೇ ತತ್ವ ಅನ್ವಯಿಸುತ್ತದೆ. ಎಪಾಕ್ಸಿ ರಾಳಕ್ಕೆ ಅಲ್ಯೂಮಿನಾ ಬೆರೆಸಿದರೆ ಅದು ವಿದ್ಯುತ್ತನ್ನು ತಡೆಯುತ್ತಲೇ ಶಾಖವನ್ನು ಹೊರಸಾಗಿಸುತ್ತದೆ. ಬೇರಿಯಂ ಟೈಟನೇಟ್ ಬೆರೆಸಿದರೆ ವಿದ್ಯುದಾವೇಶ ಸಂಗ್ರಹಿಸುವ ಸಾಮರ್ಥ್ಯ ಹೆಚ್ಚುತ್ತದೆ.

ಬೇಕ್‌ಲ್ಯಾಂಡ್ 1910ರಲ್ಲಿ ಸ್ಥಾಪಿಸಿದ ಸಂಸ್ಥೆ 1939ರಲ್ಲಿ ಯೂನಿಯನ್ ಕಾರ್ಬೈಡ್ ಪಾಲಾಯಿತು. 1944ರ ಫೆಬ್ರುವರಿ 23ರಂದು ನ್ಯೂಯಾರ್ಕ್ ರಾಜ್ಯದ ಬೀಕನ್‌ನಲ್ಲಿ ಅವರು ಕೊನೆಯುಸಿರೆಳೆದರು. ಹಳೆಯ ಮನೆಗಳ ಗೋಡೆಗಳಲ್ಲಿ ಅಲ್ಲಲ್ಲಿ ಉಳಿದಿರುವ ಕಪ್ಪು ಬೇಕಲೈಟ್ ಸ್ವಿಚ್ಚುಗಳು ಅವರ ಸಾಧನೆಗೆ ಸಾಕ್ಷಿಯಾಗಿವೆ.