ಕಲ್ಯಾಣ ಬಿಟ್ಟ ಬಸವಣ್ಣ: ಸಂಗಮದಲ್ಲಿ ಕೊನೆಗೆ ಆಗಿದ್ದೇನು?

ದಾವಣಗೆರೆ: ಬಸವ ಜಯಂತಿ ಬಂತು ಅಂದ್ರೆ ದಾವಣಗೆರೆ, ಹರಿಹರದ ಬೀದಿಗಳಲ್ಲಿ ಬಸವಣ್ಣನವರ ಭಾವಚಿತ್ರದ ಮೆರವಣಿಗೆ. ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸೋದು ಶುರುವಾಗಿದ್ದೇ ದಾವಣಗೆರೆಯಲ್ಲಿ. 1913ರಲ್ಲಿ ಹರ್ಡೇಕರ್ ಮಂಜಪ್ಪನವರು ವಿರಕ್ತ ಮಠದ ಮೃತ್ಯುಂಜಯ ಸ್ವಾಮೀಜಿ ಜತೆ ಸೇರಿ ಇದಕ್ಕೆ ಚಾಲನೆ ಕೊಟ್ರು. ಹುಟ್ಟಿದ ದಿನ ಎಲ್ಲರಿಗೂ ಗೊತ್ತು. ಆದರೆ ಬಸವಣ್ಣನವರ ಕೊನೆ ಹೇಗಾಯ್ತು ಅಂತ ಕೇಳಿದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. 850 ವರ್ಷ ಕಳೆದರೂ ಆ ಪ್ರಶ್ನೆ ಹಾಗೇ ಉಳಿದಿದೆ.

ಲೆಕ್ಕ ಬರೆಯುವ ಕೆಲಸದಿಂದ ಭಂಡಾರದವರೆಗೆ

ಈಗಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯಲ್ಲಿ ಮಾದರಸ, ಮಾದಲಾಂಬಿಕೆಯರ ಮಗನಾಗಿ 12ನೇ ಶತಮಾನದಲ್ಲಿ ಹುಟ್ಟಿದವರು ಬಸವಣ್ಣ. ಜನಿವಾರ ಬೇಡ ಅಂತ ಮನೆ ಬಿಟ್ಟು ಕೃಷ್ಣಾ, ಮಲಪ್ರಭಾ ಸೇರುವ ಕೂಡಲಸಂಗಮಕ್ಕೆ ಹೋದರು. ಓದು, ಬೆಳವಣಿಗೆ ಎಲ್ಲ ಅಲ್ಲೇ. ಮುಂದೆ ಮಂಗಳವೇಢೆಯಲ್ಲಿ ಕಳಚೂರಿ ಬಿಜ್ಜಳನ ಹತ್ತಿರ ಲೆಕ್ಕ ಬರೆಯುವ ಕರಣಿಕರಾದರು. ಬಿಜ್ಜಳ ಚಾಲುಕ್ಯರ ಸಿಂಹಾಸನ ಏರಿದ ಮೇಲೆ ಕಲ್ಯಾಣದಲ್ಲಿ ಇಡೀ ಭಂಡಾರದ ಹೊಣೆ ಬಂತು.

ಭಂಡಾರದ ಹಣವನ್ನು ಜಂಗಮರಿಗೆ ಖರ್ಚು ಮಾಡ್ತಿದ್ದಾರೆ ಅಂತ ದೊರೆಗೆ ಚಾಡಿ ಹೋಯ್ತಂತೆ. ಬಿಜ್ಜಳ ಲೆಕ್ಕ ತೆಗೆಸಿ ನೋಡಿದಾಗ ಒಂದು ಹಣವೂ ಕಡಿಮೆ ಇರಲಿಲ್ಲ ಅನ್ನೋ ಕಥೆ ಹಳೆಯ ಕಾವ್ಯಗಳಲ್ಲಿದೆ. ಅಂಗಡಿ ನಡೆಸುವವರಿಗೆ ಈ ಕಥೆಯ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಇದರ ಜತೆಗೇ ವಚನ ಬರೆದರು. ಅನುಭವ ಮಂಟಪದಲ್ಲಿ ಮಡಿವಾಳರು, ಅಂಬಿಗರು, ಸಮಗಾರರು, ಹೆಣ್ಣುಮಕ್ಕಳು ಒಂದೇ ಸಾಲಿನಲ್ಲಿ ಕೂತು ಮಾತಾಡಿದರು. ಈ ಕಡೆಯ ನಂಟೂ ಇತ್ತು. ಹರಿಹರ ದಾಟಿ ಹರಿಯುವ ತುಂಗಭದ್ರೆಯ ದಡದ ಚೌಡದಾನಪುರ ಅಂಬಿಗರ ಚೌಡಯ್ಯನವರ ಊರು. ಅಲ್ಲಮಪ್ರಭು, ಅಕ್ಕಮಹಾದೇವಿ ಇಬ್ಬರೂ ಪಕ್ಕದ ಶಿಕಾರಿಪುರ ತಾಲ್ಲೂಕಿನವರು. ದಾವಣಗೆರೆ ಸೀಮೆ ಆಗ ನೊಳಂಬವಾಡಿಗೆ ಸೇರಿತ್ತು, ಉಚ್ಚಂಗಿ ಪಾಂಡ್ಯರ ಆಳ್ವಿಕೆ.

ಕಲ್ಯಾಣ ಕೆಟ್ಟಿದ್ದು

ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮಧುವರಸರ ಮಗಳನ್ನು ಕೊಟ್ಟು ಮದುವೆ ಮಾಡಿದ್ದೇ ಗಲಭೆಗೆ ಕಾರಣ ಅಂತ ಜನ ನಂಬಿದ್ದಾರೆ. ಹಳೆಯ ಪುರಾಣದಲ್ಲಿ ಹಳ್ಳಯ್ಯ, ಮಧುವಯ್ಯ ಅನ್ನೋ ಇಬ್ಬರು ಭಕ್ತರ ಕಣ್ಣು ಕೀಳಿಸಿದ್ದಷ್ಟೇ ಬರುತ್ತೆ. ಮದುವೆಯ ಕಥೆ ಬೆಳೆದಿದ್ದು ಆಮೇಲೆ. ಏನೇ ಆದರೂ ಬಸವಣ್ಣನವರು ಅಧಿಕಾರ ಬಿಟ್ಟು ಸಂಗಮಕ್ಕೆ ಹೊರಟರು. ಇತ್ತ ಬಿಜ್ಜಳನ ಕೊಲೆ ಆಯ್ತು, ಶರಣರು ದಿಕ್ಕಾಪಾಲಾದರು. 1168ರ ಹೊತ್ತಿಗೆ ಬಿಜ್ಜಳನ ಮಗ ಸೋವಿದೇವ ಆಳ್ತಿದ್ದ. ಬಸವಣ್ಣನವರು ತೀರಿಹೋಗಿದ್ದೂ ಅದೇ ಸುಮಾರಿಗೆ.

ಒಂದು ಸಾವು, ಹಲವು ಕಥೆ

ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ, 1369ರಲ್ಲಿ ಭೀಮಕವಿ ಕನ್ನಡದಲ್ಲಿ ಬರೆದ ಬಸವಪುರಾಣಗಳ ಪ್ರಕಾರ ಬಸವಣ್ಣನವರು ಸಂಗಮನಾಥನಲ್ಲಿ ಐಕ್ಯರಾದರು. ಭಕ್ತರ ಪಾಲಿಗೆ ಅಲ್ಲಿಗೆ ಮುಗೀತು.

ಜೈನರ ಬಿಜ್ಜಳರಾಯಚರಿತೆ ಬೇರೆಯೇ ಹೇಳುತ್ತೆ. ಬಿಜ್ಜಳನಿಗೆ ವಿಷ ಹಾಕಿಸಲಾಯ್ತು, ಮಗ ಸೇಡಿಗೆ ಬೆನ್ನಟ್ಟಿದ, ಬಸವಣ್ಣ ಕರಾವಳಿ ಕಡೆ ಓಡಿ ಬಾವಿಗೆ ಬಿದ್ದರು, ಆ ಊರೇ ಉಳವಿ ಅಂತ. ಈ ಕೃತಿ ಬಿಜ್ಜಳನ ಪರ ನಿಂತು ಬರೆದದ್ದು. ಶರಣರ ಪರಂಪರೆಯಲ್ಲಿ ಉಳವಿ ಚನ್ನಬಸವಣ್ಣನವರ ಜಾಗ.

ಈ ಕಾಲದವರು ಇನ್ನೆರಡು ಮಾತು ಸೇರಿಸಿದ್ದಾರೆ. ಸೈನಿಕರು ಸಂಗಮಕ್ಕೇ ಬಂದು ಕೊಂದಿರಬೇಕು ಅನ್ನೋದು ಒಂದು. ಕಲ್ಯಾಣದ ಸುದ್ದಿ ಕೇಳಿ ನೊಂದು ಹೊಳೆಗೆ ಇಳಿದಿರಬೇಕು ಅನ್ನೋದು ಇನ್ನೊಂದು. ಶಾಸನದ ಆಧಾರ ಯಾವುದಕ್ಕೂ ಇಲ್ಲ. ಬಸವಣ್ಣನವರ ಮನೆತನದ ವಿವರ ಇರುವ 1260ರ ಅರ್ಜುನವಾಡ ಶಾಸನದಲ್ಲೂ ಸಾವಿನ ಮಾತಿಲ್ಲ.

ಈ ಖಾಲಿ ಜಾಗಕ್ಕೇ ನಾಟಕ, ಕಾದಂಬರಿಗಳು ಬಂದವು. ಬಿ. ಪುಟ್ಟಸ್ವಾಮಯ್ಯನವರ ಕ್ರಾಂತಿ ಕಲ್ಯಾಣ, ಲಂಕೇಶರ ಸಂಕ್ರಾಂತಿ, ಶಿವಪ್ರಕಾಶರ ಮಹಾಚೈತ್ರ, ಗಿರೀಶ ಕಾರ್ನಾಡರ ತಲೆದಂಡ, ಎಲ್ಲವೂ ಕಲ್ಯಾಣದ ಆ ಕೊನೆಯ ದಿನಗಳ ಸುತ್ತ ಸುತ್ತಿದವೇ.

ತಂಗಡಗಿಯಲ್ಲಿ ನಿಂತ ನೀಲಮ್ಮ

ಈ ಗೊಂದಲದಲ್ಲಿ ಹೆಚ್ಚು ಜನ ಗಮನಿಸದ ಒಬ್ಬರಿದ್ದಾರೆ, ಹೆಂಡತಿ ನೀಲಾಂಬಿಕೆ. ಸಂಗಮದಿಂದ ಹಡಪದ ಅಪ್ಪಣ್ಣನವರನ್ನು ಕಳಿಸಿ ಬಸವಣ್ಣನವರು ನೀಲಮ್ಮನನ್ನು ಕರೆಸಿಕೊಂಡರು ಅನ್ನೋದು ಶರಣರ ಪರಂಪರೆ. ನೀಲಮ್ಮ ಹೊಳೆಯ ಆಚೆ ದಡದ ತಂಗಡಗಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ತಾಯಿಯೂ ಅಲ್ಲೇ ಪ್ರಾಣ ಬಿಟ್ಟರು.

ಸಾಯಬೇಕು ಅಂತ ಹೋದವರು ಹೆಂಡತಿಯನ್ನು ಕರೆಸಿಕೊಳ್ತಾರಾ? ಇಲ್ಲ, ಕೊನೆ ಹತ್ತಿರ ಬಂತು ಅಂತ ಗೊತ್ತಾಗಿಯೇ ಕರೆಸಿದ್ರಾ? ಯಾವ ಕಥೆ ನಂಬಿದರೂ ಈ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತೆ.

ಒಂದು ವಿಷಯದಲ್ಲಿ ಮಾತ್ರ ತಕರಾರಿಲ್ಲ. ಭಂಡಾರದ ಕೀಲಿ ಕೈಯಲ್ಲಿದ್ದ ಮನುಷ್ಯ ಅದನ್ನು ಬಿಟ್ಟು ಕಲ್ಯಾಣದಿಂದ ಹೊರಟರು. ಕುರ್ಚಿಗೆ ಅಂಟಿಕೊಳ್ಳಲಿಲ್ಲ. ಅವರ ಮಾತು ಓಲೆಗರಿಯಲ್ಲಿ ಮನೆ ಮನೆಗಳಲ್ಲಿ ಉಳಿದು, 1923ರಲ್ಲಿ ಫ.ಗು. ಹಳಕಟ್ಟಿಯವರು ತಂದ ವಚನಶಾಸ್ತ್ರಸಾರದಿಂದ ಮುಂದೆ ಎಲ್ಲರ ಕೈಗೂ ಸಿಕ್ತು. ಸಾವಿನ ಬಗ್ಗೆ ಜಗಳ ಆಡುವವರೂ ವಚನದ ಬಗ್ಗೆ ಜಗಳ ಆಡೋದು ಕಡಿಮೆ.

ಕೂಡಲಸಂಗಮದಲ್ಲಿ ಈಗ ಐಕ್ಯಮಂಟಪದ ಸುತ್ತ ನಾರಾಯಣಪುರ ಜಲಾಶಯದ ಹಿನ್ನೀರು. ಬಾವಿಗೆ ಇಳಿದ ಹಾಗೆ ಮೆಟ್ಟಿಲು ಇಳಿದು ಹೋಗಬೇಕು. ಇಲ್ಲಿಂದ ಹೋಗುವವರು ಅದನ್ನು ನೋಡಿಯೇ ವಾಪಸ್ ಬರ್ತಾರೆ. ಮುಂದಿನ ಸಲ ಹೋದಾಗ ತಂಗಡಗಿಗೂ ಹೋಗಿ ನೀಲಮ್ಮನಿಗೂ ಕೈ ಮುಗಿದು ಬನ್ನಿ.